ಒಂದು ಪ್ರಶ್ನೆಯ ಖರ್ಚು

ಮೆಡಿಕಲ್ ಕಾಲೇಜೊಂದರ ನೈತಿಕ ಸಮಿತಿಯಲ್ಲಿ ಕೆಲವು ವರ್ಷ ಕೂತೆದ್ದು ಬಂದವನು ನಾನು. ವೈದ್ಯನಲ್ಲ, ವಕೀಲನೂ ಅಲ್ಲ. ಪದವಿ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದ ಮೇಷ್ಟ್ರು. ಮನುಷ್ಯರ ಮೇಲೆ ನಡೆಯುವ ವೈದ್ಯಕೀಯ ಸಂಶೋಧನೆ ಇಂಥ ಸಮಿತಿಯ ಒಪ್ಪಿಗೆ ಪಡೆದೇ ಮುಂದೆ ಹೋಗಬೇಕು. ಆ ಸಮಿತಿಯಲ್ಲಿ ವೈದ್ಯರ ಜೊತೆಗೆ ಕಾನೂನು ಬಲ್ಲವರೊಬ್ಬರು, ಸಮಾಜ ವಿಜ್ಞಾನ ಬಲ್ಲವರೊಬ್ಬರು, ಇದ್ಯಾವುದೂ ಗೊತ್ತಿಲ್ಲದ ಸಾಮಾನ್ಯ ಮನುಷ್ಯನೊಬ್ಬ ಇರಬೇಕೆಂದು ನಿಯಮ. ಆ ಕೊನೆಯವನಿಗೆ ‘ಲೇ ಪರ್ಸನ್’ ಎನ್ನುತ್ತಾರೆ. ಧಾರವಾಡದ ಕಡೆಯವನಿಗೆ ‘ಲೇ’ ಅಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಮೊದಲ ಸಭೆಯಲ್ಲಿ ‘ಲೇ ಪರ್ಸನ್ ಬಂದಿದ್ದಾರಾ?’ ಎಂದು ಕೇಳಿದಾಗ ಯಾರನ್ನೋ ಗದರುತ್ತಿದ್ದಾರೆ ಅಂದುಕೊಂಡು ಸುಮ್ಮನೆ ಕೂತಿದ್ದೆ.

ನನಗೆ ವಹಿಸಿದ ಕೆಲಸ ರೋಗಿಗಳಿಂದ ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರದ ಕನ್ನಡ ಓದುವುದು. ‘ತಮ್ಮನ್ನು ಯಾದೃಚ್ಛಿಕವಾಗಿ ಎರಡು ಗುಂಪುಗಳಲ್ಲೊಂದಕ್ಕೆ ನಿಯೋಜಿಸಲಾಗುವುದು’ ಎಂಬಂಥ ವಾಕ್ಯಗಳು. ಹಾಗಂದರೇನು ಎಂದು ಪಿ.ಜಿ. ಓದುತ್ತಿದ್ದ ಹುಡುಗನನ್ನು ಕೇಳಿದೆ. ‘ಚೀಟಿ ಎತ್ತಿದ ಹಂಗ ಸರ್. ಯಾರಿಗೆ ಹೊಸ ಔಷಧ, ಯಾರಿಗೆ ಹಳೇದು ಅಂತ ನಾವು ಆರಿಸೂದಿಲ್ಲ’ ಎಂದ. ಹಾಗಾದರೆ ಹಾಗೇ ಬರೆಯಪ್ಪಾ ಎಂದೆ. ಅಷ್ಟು ವರ್ಷದಲ್ಲಿ ನಾನು ಮಾಡಿದ ಘನಕಾರ್ಯ ಹೆಚ್ಚುಕಡಿಮೆ ಅದೇ.

ಪ್ರತಿ ಫೈಲಿನಲ್ಲೂ ‘ಹಣದ ಮೂಲ’ ಎಂಬ ಒಂದು ಕಲಂ ಇರುತ್ತಿತ್ತು. ಹತ್ತಕ್ಕೆ ಎಂಟರಲ್ಲಿ ಅಲ್ಲಿ ‘ಸೆಲ್ಫ್’ ಎಂದಿರುತ್ತಿತ್ತು. ಅಂದರೆ ವಿದ್ಯಾರ್ಥಿ ತನ್ನ ಜೇಬಿನಿಂದಲೇ ಖರ್ಚು ಹಾಕಿ, ಪರೀಕ್ಷೆಗೆ ಬೇಕಾದ ಪ್ರಬಂಧವೊಂದನ್ನು ಮುಗಿಸಿಕೊಳ್ಳುತ್ತಾನೆ. ಕೆಲವದರಲ್ಲಿ ಔಷಧ ಕಂಪನಿಯ ಹೆಸರು. ಅಪರೂಪಕ್ಕೆ ಐಸಿಎಂಆರ್, ಡಿಬಿಟಿ ಎಂಬ ಅಕ್ಷರಗಳು. ಆ ಮೂರು ಬಗೆಯ ಫೈಲುಗಳಲ್ಲಿದ್ದ ಪ್ರಶ್ನೆಗಳೂ ಮೂರು ಬಗೆಯವು. ಸ್ವಂತ ಖರ್ಚಿನ ಪ್ರಶ್ನೆ ಆಸ್ಪತ್ರೆಯ ಗೋಡೆ ದಾಟುತ್ತಿರಲಿಲ್ಲ, ಎದುರಿಗೆ ಬಂದ ಐವತ್ತು ರೋಗಿಗಳ ರಕ್ತದಲ್ಲಿ ಏನಿದೆ ಎಂದು ನೋಡುವುದಷ್ಟೆ. ಕಂಪನಿಯ ಪ್ರಶ್ನೆ ತನ್ನ ಗುಳಿಗೆ ಕೆಲಸ ಮಾಡುತ್ತದೆಯೇ ಎಂಬುದು. ಗುಳಿಗೆ ಕೊಳ್ಳಲಾಗದವನು ಯಾಕೆ ಕಾಯಿಲೆ ಬೀಳುತ್ತಾನೆ, ಊರಿಗೆ ಊರೇ ಯಾಕೆ ಮಲಗುತ್ತದೆ ಎಂದು ಕೇಳುವವರ ಫೈಲಿನಲ್ಲಿ ಮಾತ್ರ ಸರ್ಕಾರದ ಹೆಸರಿರುತ್ತಿತ್ತು. ಯಾವ ಪ್ರಶ್ನೆ ಕೇಳಬೇಕೆಂಬುದನ್ನು ಆ ಕಲಮ್ಮೇ ತೀರ್ಮಾನಿಸುತ್ತಿದೆ ಎಂದು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು.

ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಬ್ರಿಟಿಷರ ಕಾಲದ್ದು. 1911ರಲ್ಲಿ ಇಂಡಿಯನ್ ರಿಸರ್ಚ್ ಫಂಡ್ ಅಸೋಸಿಯೇಷನ್ ಎಂದು ಹುಟ್ಟಿ, 1949ರಲ್ಲಿ ಈಗಿನ ಹೆಸರು ಪಡೆಯಿತು. ಹುಟ್ಟು ಹೆಸರಿನಲ್ಲೇ ‘ಫಂಡ್’ ಇದೆ. ಹಣ ಹಂಚುವುದೇ ಅದರ ಮೂಲ ಕಸುಬು. ಇವತ್ತು ಅದಕ್ಕೆ ತನ್ನದೇ ಸಂಸ್ಥೆಗಳೂ ಇವೆ. ಬೆಳಗಾವಿಯಲ್ಲಿ ಪಾರಂಪರಿಕ ವೈದ್ಯದ ಸಂಸ್ಥೆ, ಬೆಂಗಳೂರಿನಲ್ಲಿ ದೇಶದ ಕ್ಯಾನ್ಸರ್ ಲೆಕ್ಕ ಇಡುವ ಕೇಂದ್ರ. ಅದರ ಜೊತೆಗೇ ಹೊರಗಿನ ಕಾಲೇಜು, ಆಸ್ಪತ್ರೆ, ವಿಶ್ವವಿದ್ಯಾಲಯಗಳ ಸಂಶೋಧಕರಿಗೂ ಹಣ ಕೊಡುತ್ತದೆ.

ಈ ಹಣ ಏನು ಮಾಡಿದೆ ಎಂದು ಕೇಳುವವರಿಗೆ ನಾನು ಹೇಳುವುದು ಮದರಾಸಿನ ಕತೆ. ಕ್ಷಯ ಬಂದರೆ ಊರಾಚೆಯ ಸ್ಯಾನಟೋರಿಯಮ್ಮಿಗೆ ಹೋಗಬೇಕು ಎಂಬ ಕಾಲ ಅದು. ನಮ್ಮ ಮೈಸೂರಿನಲ್ಲೂ ಕ್ಷಯದಿಂದ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಅಂಥದ್ದೊಂದಿತ್ತು. ಒಳ್ಳೆಯ ಗಾಳಿ, ಹಾಲು, ಮೊಟ್ಟೆ, ತಿಂಗಳುಗಟ್ಟಲೆ ವಿಶ್ರಾಂತಿ. ಆದರೆ ರೋಗಿಗಳು ಲಕ್ಷಗಟ್ಟಲೆ, ಹಾಸಿಗೆಗಳು ತೀರಾ ಕಡಿಮೆ. 1956ರಲ್ಲಿ ಐಸಿಎಂಆರ್, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ಅಲ್ಲೊಂದು ಕೇಂದ್ರ ತೆರೆದವು. ನಗರದ ಬಡ, ಇಕ್ಕಟ್ಟಿನ ಬಡಾವಣೆಗಳ 193 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. ಅರ್ಧ ಜನ ಸ್ಯಾನಟೋರಿಯಮ್ಮಿಗೆ, ಇನ್ನರ್ಧ ತಮ್ಮ ಮನೆಗೇ. ಎರಡೂ ಪಾಲಿನವರಿಗೆ ಅದೇ ಔಷಧ, ಒಂದು ವರ್ಷ.

ಫಲಿತಾಂಶ ಬಂದಾಗ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಗುಣವಾಗಿತ್ತು. ಮನೆಯಲ್ಲಿದ್ದವರು ಅರೆಹೊಟ್ಟೆ ಉಂಡು, ದುಡಿದು, ಹೊಗೆ ತುಂಬಿದ ಕೋಣೆಯಲ್ಲಿ ಮಲಗಿದ್ದರೂ ಗುಣವಾಗಿದ್ದರು. ರೋಗಿ ಮನೆಯಲ್ಲಿದ್ದ ಕಾರಣಕ್ಕೆ ಮನೆಯವರಿಗೆ ಹೆಚ್ಚಾಗಿ ರೋಗ ಅಂಟಲೂ ಇಲ್ಲ. 1959ರಲ್ಲಿ ಇದು ಅಚ್ಚಾಯಿತು. ಅದೇ ವರ್ಷ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ಮೈಸೂರು ಮಹಾರಾಜರದಾಗಿದ್ದ ಅವಲಾನ್ ಬಂಗಲೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅವರು ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ ಇನ್ನೊಂದು ಪ್ರಶ್ನೆ ಕೇಳಿದರು: ಕ್ಷಯ ಇರುವವರಿಗೆ ತಮಗೇನೋ ಆಗಿದೆ ಎಂದು ಗೊತ್ತಿದೆಯೇ? ಹೆಚ್ಚಿನವರಿಗೆ ಗೊತ್ತಿತ್ತು, ಅರ್ಧಕ್ಕೂ ಹೆಚ್ಚು ಜನ ಆಗಲೇ ಆಸ್ಪತ್ರೆಯ ಬಾಗಿಲು ತಟ್ಟಿಯೂ ಬಂದಿದ್ದರು. ಕೆಮ್ಮಿಗೆ ಒಂದು ಬಾಟಲಿ ಔಷಧ ಕೊಟ್ಟು ಅವರನ್ನು ವಾಪಸ್ ಕಳಿಸಲಾಗಿತ್ತು. ಹಳ್ಳಿಯವರಿಗೆ ತಿಳಿವಳಿಕೆಯಿಲ್ಲ ಎಂದು ಬಾಯಿಗೆ ಬಂದಂತೆ ಹೇಳುತ್ತಿದ್ದವರಿಗೆ ಇದೊಂದು ಪಾಠ. 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ನಿಂತದ್ದು ಇಂಥ ಕೆಲಸಗಳ ಮೇಲೆ. ಮನೆಯಲ್ಲೇ ಗುಣವಾಗಬಹುದು ಎಂದು ತೋರಿಸಲು ಯಾವ ಕಂಪನಿಗೆ ತಾನೇ ಆಸಕ್ತಿ ಇದ್ದೀತು?

ಇನ್ನೊಂದು ಕತೆಯಲ್ಲಿ ಬೆಂಗಳೂರು ಸೋತಿದೆ, ಅದಕ್ಕೇ ನನಗೆ ಇಷ್ಟ. 1980ರ ದಶಕದಲ್ಲಿ ದೆಹಲಿಯ ಏಮ್ಸ್‌ನಲ್ಲಿ ಡಾ. ಎಂ.ಕೆ. ಭಾನ್ ಅವರ ತಂಡ ಒಂದು ವಿಚಿತ್ರ ಗಮನಿಸಿತು. ಕೆಲವು ಹಸುಗೂಸುಗಳಿಗೆ ರೋಟಾವೈರಸ್ ತಗುಲಿತ್ತು, ಆದರೆ ಭೇದಿ ಇರಲಿಲ್ಲ. ಅಲ್ಲಿ ಸಿಕ್ಕ ವೈರಸ್ ತಳಿಗೆ 116ಇ ಎಂದು ಹೆಸರಿಟ್ಟರು. ಹಾಗೆಯೇ ಬೆಂಗಳೂರಿನ ಹಸುಗೂಸುಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ದುರ್ಗಾ ರಾವ್ ಅವರ ತಂಡಕ್ಕೆ ಇನ್ನೊಂದು ತಳಿ ಸಿಕ್ಕಿತು, ಅದು ಐ321. ಎರಡೂ ಮನುಷ್ಯರ ಮತ್ತು ದನದ ವೈರಸ್ಸುಗಳು ಬೆರೆತು ಹುಟ್ಟಿದಂಥವು. ಎರಡರಿಂದಲೂ ಲಸಿಕೆ ಆಗಬಹುದೆಂದು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ, ಅಂದರೆ ಡಿಬಿಟಿ, ಅಮೆರಿಕದ ಎನ್‌ಐಎಚ್, ಆಮೇಲೆ ಗೇಟ್ಸ್ ಪ್ರತಿಷ್ಠಾನ ಹಣ ಹಾಕಿದವು. ಹೈದರಾಬಾದಿನ ಭಾರತ್ ಬಯೋಟೆಕ್ ತಯಾರಿಕೆಗೆ ಇಳಿಯಿತು. ಪುಟ್ಟ ಮಕ್ಕಳ ಮೇಲೆ ಎರಡನ್ನೂ ಹೋಲಿಸಿ ನೋಡಿದಾಗ ದೆಹಲಿಯ ತಳಿ ಚೆನ್ನಾಗಿ ರೋಗನಿರೋಧಕತೆ ಹುಟ್ಟಿಸಿತು, ನಮ್ಮ ಬೆಂಗಳೂರಿನದು ಹಿಂದೆ ಬಿತ್ತು. ಮುಂದೆ ಸುಮಾರು 6,800 ಮಕ್ಕಳ ಮೇಲೆ ದೊಡ್ಡ ಪ್ರಯೋಗ ನಡೆದು, ತೀವ್ರ ಭೇದಿಯನ್ನು ಅರ್ಧಕ್ಕಿಂತ ಹೆಚ್ಚು ತಡೆಯುತ್ತದೆಂದು ತಿಳಿದು, 2016ರಲ್ಲಿ ರೋಟಾವ್ಯಾಕ್ ಸರ್ಕಾರಿ ಲಸಿಕೆಗಳ ಪಟ್ಟಿ ಸೇರಿತು. ಆಗ ಡೋಸಿಗೆ ಸುಮಾರು ಒಂದು ಡಾಲರ್ ಬೆಲೆ. ಇವತ್ತು ಅಂಗನವಾಡಿಯಲ್ಲಿ ಒಂದೂವರೆ ತಿಂಗಳ ಕೂಸಿನ ಬಾಯಿಗೆ ಬೀಳುವ ರೋಟಾ ಹನಿಯ ಹಿಂದೆ ಮೂವತ್ತು ವರ್ಷದ ಖರ್ಚಿದೆ. ಅದರಲ್ಲಿ ಐ321ರ ಖರ್ಚೂ ಸೇರಿದೆ. ಅದನ್ನು ದಂಡ ಎನ್ನಲಾಗದು. ಎರಡು ಕುದುರೆ ಓಡಿಸದೆ ಗೆದ್ದದ್ದು ಯಾವುದೆಂದು ಹೇಗೆ ಗೊತ್ತಾಗಬೇಕು?

ಮಲೆನಾಡಿನವರು ಇಷ್ಟು ಹೊತ್ತಿಗೆ ಮಂಗನ ಕಾಯಿಲೆಯ ಮಾತೇ ಇಲ್ಲವಲ್ಲ ಎಂದು ಗೊಣಗಿರಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಹಿಂದೆಯೇ ಸೊಪ್ಪು ಸೌದೆಗೆ ಹೋದವರು ಜ್ವರದಿಂದ ಮಲಗಿದರು. ಕೆಲವೇ ತಿಂಗಳಲ್ಲಿ ಹೊಸ ವೈರಸ್ ಪತ್ತೆಯಾಯಿತು, ಅದನ್ನು ಹರಡುವುದು ಉಣುಗು ಎಂದೂ ಗೊತ್ತಾಯಿತು. ಇಷ್ಟು ಬೇಗ ಆದದ್ದು ಐದು ವರ್ಷ ಮೊದಲೇ, 1952ರಲ್ಲಿ, ಐಸಿಎಂಆರ್ ಮತ್ತು ರಾಕ್‌ಫೆಲರ್ ಪ್ರತಿಷ್ಠಾನ ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರ ಕಟ್ಟಿದ್ದರಿಂದ. ಕಟ್ಟಿದಾಗ ಕ್ಯಾಸನೂರಿನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಅದೇ ಕೇಂದ್ರ ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆ, ಅಂದರೆ ಎನ್‌ಐವಿ, 2020ರಲ್ಲಿ ಕೊರೊನಾ ವೈರಸ್ಸನ್ನು ಬೇರ್ಪಡಿಸಿ ಕೊಟ್ಟದ್ದೂ ಅದೇ.

ಆದರೆ ಕಾಯಿಲೆ ಪತ್ತೆ ಮಾಡಲು ಇದ್ದ ಅವಸರ ಅದಕ್ಕೆ ಔಷಧ ಹುಡುಕಲು ಇರಲಿಲ್ಲ. ಕೋಳಿ ಭ್ರೂಣದ ಜೀವಕೋಶದಲ್ಲಿ ಬೆಳೆಸಿದ ಹಳೆಯ ಲಸಿಕೆಯನ್ನೇ ದಶಕಗಳ ಕಾಲ ಚುಚ್ಚಲಾಯಿತು. ಅದರ ಶಕ್ತಿ ಸಾಲದು, ಎರಡು ಡೋಸಿನ ಮೇಲೆ ಬೂಸ್ಟರ್ ಬೇಕೇ ಬೇಕು ಎಂದು ರಾಜ್ಯದ ಆರೋಗ್ಯ ಇಲಾಖೆಯವರೇ ಸೇರಿ ಮಾಡಿದ ಅಧ್ಯಯನ 2013ರಲ್ಲಿ ಬಂತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜನ ಸತ್ತರು. ಈಗ ಹಳೆಯ ಲಸಿಕೆ ನಿಂತಿದೆ, ಐಸಿಎಂಆರ್ ಮತ್ತು ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸೇರಿ ಹೊಸದನ್ನು ತಯಾರಿಸುತ್ತಿವೆ. ರೋಗದ ಊರು ಸಣ್ಣದು, ಮಾರುಕಟ್ಟೆ ಅದಕ್ಕಿಂತ ಸಣ್ಣದು. ಸರ್ಕಾರ ಪ್ರಶ್ನೆ ಕೇಳದಿದ್ದರೆ ಇಂಥ ರೋಗದ ಬಗ್ಗೆ ಇನ್ನಾರೂ ಕೇಳುವುದಿಲ್ಲ. ಸರ್ಕಾರ ಅರವತ್ತು ವರ್ಷ ಅರೆಮನಸ್ಸಿನಿಂದ ಕೇಳಿತು ಎಂಬುದು ನನ್ನ ತಕರಾರು.

ಸರಿ, ಇವತ್ತು ಪ್ರಶ್ನೆ ಇದ್ದವರು ಯಾವ ಬಾಗಿಲು ತಟ್ಟಬೇಕು? ಬಾಗಿಲುಗಳು ಜನ ಅಂದುಕೊಂಡದ್ದಕ್ಕಿಂತ ಹೆಚ್ಚಿವೆ. ಐಸಿಎಂಆರ್ ಹೊರಗಿನವರಿಗೆ ಕೊಡುವ ಅನುದಾನವನ್ನು ಈಚೆಗೆ ಎರಡು ಅಳತೆಗೆ ತಂದಿದೆ. ಎರಡು ಕೋಟಿ ರೂಪಾಯಿವರೆಗಿನದು ಸಣ್ಣದು, ಅಲ್ಲಿಂದ ಎಂಟು ಕೋಟಿವರೆಗೆ ಮಧ್ಯಮ. ಎರಡು ಕೋಟಿಯನ್ನು ಸಣ್ಣದು ಎನ್ನುವ ಧೈರ್ಯ ನನಗಿಲ್ಲ, ಅವರ ಮಾತನ್ನೇ ಹೇಳುತ್ತಿದ್ದೇನೆ. ಒಂದೇ ವಿಷಯದಲ್ಲಿ ಆಳವಾಗಿ ಇಳಿದ ತಂಡಗಳಿಗೆ ಉನ್ನತ ಸಂಶೋಧನಾ ಕೇಂದ್ರ ಎಂಬ ಇನ್ನೂ ದೊಡ್ಡ ಯೋಜನೆ ಇದೆ. ಆರೋಗ್ಯ ಸಂಶೋಧನಾ ಇಲಾಖೆ ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲಿ ಬಹುಶಿಸ್ತೀಯ ಸಂಶೋಧನಾ ಘಟಕ, ವೈರಸ್ ಪತ್ತೆ ಪ್ರಯೋಗಾಲಯಗಳನ್ನು ಕಟ್ಟಿಸುತ್ತದೆ. ಕೋವಿಡ್ ಕಾಲದಲ್ಲಿ ಜಿಲ್ಲೆಗಳಲ್ಲೇ ಗಂಟಲ ದ್ರವ ಪರೀಕ್ಷೆ ಸಾಧ್ಯವಾಗಲು ಇವು ಒಂದು ಕಾರಣ.

ಮೂಲವಿಜ್ಞಾನದ ಕಡೆಯವರಿಗೆ 2023ರ ಕಾಯಿದೆಯಿಂದ ಬಂದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಇದೆ. ಮೊದಲು ಈ ಹಣ ಹಂಚುತ್ತಿದ್ದ ಎಸ್‌ಇಆರ್‌ಬಿಯನ್ನು ಇದು ನುಂಗಿಕೊಂಡಿತು. ಐದು ವರ್ಷಕ್ಕೆ 50,000 ಕೋಟಿ ರೂಪಾಯಿಯ ಗುರಿ. ಅದರಲ್ಲಿ 36,000 ಕೋಟಿ ಸರ್ಕಾರದ ಹೊರಗಿನಿಂದ, ಮುಖ್ಯವಾಗಿ ಉದ್ಯಮಗಳಿಂದ ಬರಬೇಕು. ಮದುವೆಗೆ ಬೀಗರು ಇಷ್ಟು ಹಾಕುತ್ತಾರೆ ಎಂದು ಮೊದಲೇ ಲೆಕ್ಕ ಬರೆದಿಟ್ಟುಕೊಂಡ ಹಾಗಿದೆ ಇದು. ದೇಶ ಒಟ್ಟು ಸಂಶೋಧನೆಗೆ ಹಾಕುವುದು ಜಿಡಿಪಿಯ ಶೇಕಡಾ 0.64 ಮಾತ್ರ, ಅದರಲ್ಲಿ ಖಾಸಗಿಯವರ ಪಾಲು ಕಡಿಮೆ.

ಡಿಬಿಟಿ ಮತ್ತು ಬ್ರಿಟನ್ನಿನ ವೆಲ್‌ಕಮ್ ಸಂಸ್ಥೆ 2008ರಲ್ಲಿ ಆರಂಭಿಸಿದ ಇಂಡಿಯಾ ಅಲಯನ್ಸ್ ಬೇರೆಯದೇ ಜಾಯಮಾನದ್ದು. ಅದು ಯೋಜನೆಗಿಂತ ಹೆಚ್ಚಾಗಿ ಮನುಷ್ಯನನ್ನು ನೋಡಿ ಐದು ವರ್ಷದ ಫೆಲೋಶಿಪ್ ಕೊಡುತ್ತದೆ. ಅದರ ಮೂರನೆಯ ಹಂತಕ್ಕೆ 2025ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ 1,500 ಕೋಟಿಯ ಒಪ್ಪಿಗೆ ಕೊಟ್ಟಿತು. ಸಾವಿರ ಕೋಟಿ ನಮ್ಮದು, ಐನೂರು ಅವರದು. ಹೊಸ ಉಪಕರಣದ ಕನಸಿರುವ ಎಂಜಿನಿಯರು, ವೈದ್ಯರು ಹೋಗಬೇಕಾದದ್ದು ಡಿಬಿಟಿಯದೇ ಸಂಸ್ಥೆಯಾದ ಬೈರಾಕ್‌ನ ‘ಬಿಗ್’ ಅನುದಾನಕ್ಕೆ. ಹದಿನೆಂಟು ತಿಂಗಳಿಗೆ 50 ಲಕ್ಷದವರೆಗೆ ಸಿಗುತ್ತದೆ, ಬದಲಿಗೆ ಕಂಪನಿಯ ಪಾಲು ಕೇಳುವುದಿಲ್ಲ. ಬೆಂಗಳೂರಿನ ಸಿ-ಕ್ಯಾಂಪ್ ಇದರ ಪಾಲುದಾರ ಸಂಸ್ಥೆಗಳಲ್ಲೊಂದು. ರಾಜ್ಯದ ಮಟ್ಟದಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಷನ್ ಗ್ರೂಪ್ ಮತ್ತು ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಅನುದಾನಗಳಿವೆ. ಮೊತ್ತ ಚಿಕ್ಕದು, ಆದರೆ ಮೊದಲ ಸಲ ಅರ್ಜಿ ಹಾಕುವವರಿಗೆ ಕೈ ಪಳಗಿಸಿಕೊಳ್ಳಲು ಇದಕ್ಕಿಂತ ಒಳ್ಳೆಯದಿಲ್ಲ.

ಅರ್ಜಿಗಳ ಬಗ್ಗೆ ನನಗೊಂದು ಮೇಷ್ಟ್ರ ಅಭಿಪ್ರಾಯವಿದೆ. ಹಸುವಿನ ಪ್ರಬಂಧ ಬಾಯಿಪಾಠ ಮಾಡಿಕೊಂಡು ಬಂದ ಹುಡುಗನಿಗೆ ತೆಂಗಿನ ಮರದ ಬಗ್ಗೆ ಬರೆಯಲು ಹೇಳಿದರೆ, ಎರಡು ಸಾಲು ಮರದ ಬಗ್ಗೆ ಬರೆದು, ಹಸುವನ್ನು ತಂದು ಅದಕ್ಕೆ ಕಟ್ಟುತ್ತಾನಲ್ಲ, ಸಂಶೋಧಕರಲ್ಲೂ ಆ ಪೈಕಿಯವರಿದ್ದಾರೆ. ಐಸಿಎಂಆರ್ ಈ ವರ್ಷ ಅಪೌಷ್ಟಿಕತೆ ಎಂದರೆ ಅಪೌಷ್ಟಿಕತೆಗೆ, ಮುಂದಿನ ವರ್ಷ ಕೃತಕ ಬುದ್ಧಿಮತ್ತೆ ಎಂದರೆ ಅದಕ್ಕೆ, ತಮ್ಮ ಹಳೆಯ ಹಸುವನ್ನೇ ಕಟ್ಟುತ್ತಾರೆ. ಓದುವ ತಜ್ಞರಿಗೆ ಮೂರನೆಯ ಪುಟದಲ್ಲೇ ಹಗ್ಗ ಕಾಣುತ್ತದೆ. ಅವರು ಹುಡುಕುವುದು ಬಹಳ ಸರಳ ಸಂಗತಿಗಳನ್ನು. ಪ್ರಶ್ನೆ ಒಂದೇ ಇದೆಯೇ, ಉತ್ತರ ಯಾವ ಕಡೆ ಬಂದರೂ ಏನಾದರೂ ಬದಲಾಗುತ್ತದೆಯೇ, ಇಷ್ಟೇ ರೋಗಿಗಳು ಸಾಕು ಎಂಬುದಕ್ಕೆ ಲೆಕ್ಕ ಇದೆಯೇ, ಆ ರೋಗಿಗಳು ಇವರ ಆಸ್ಪತ್ರೆಗೆ ನಿಜವಾಗಿ ಬರುತ್ತಾರೆಯೇ. ನಾನು ಕಂಡ ಅರ್ಜಿಗಳಲ್ಲಿ ಹೆಚ್ಚು ಬಿದ್ದುಹೋದದ್ದು ಆ ಕೊನೆಯ ಸಂಗತಿಯಲ್ಲಿ. ತಿಂಗಳಿಗೆ ನಾಲ್ಕು ಜನ ಬರುವ ಕಾಯಿಲೆಗೆ ಎರಡು ವರ್ಷದಲ್ಲಿ ಮುನ್ನೂರು ಜನರನ್ನು ಸೇರಿಸುತ್ತೇವೆ ಎಂದು ಬರೆದಿರುತ್ತಾರೆ. ಲೇ ಪರ್ಸನ್ ಕೂಡ ಗುಣಾಕಾರ ಬಲ್ಲ.

ಅನುದಾನ ಸಿಕ್ಕ ಮೇಲೆ ನಡೆಯುವ ಕತೆ ಯಾವ ಜಾಹೀರಾತಿನಲ್ಲೂ ಇರುವುದಿಲ್ಲ. ಹಣ ಕಂತಿನಲ್ಲಿ ಬರುತ್ತದೆ. ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ, ಎಲ್ಲರ ಬಾಯಲ್ಲಿ ‘ಯುಸಿ’, ಹೋಗದೆ ಮುಂದಿನದು ಬರದು. ಈಗಿನ ಖಜಾನೆ ಪದ್ಧತಿಯಲ್ಲಿ ಖರ್ಚಾಗದ ಹಣ ಮಾರ್ಚ್ 31ಕ್ಕೆ ರದ್ದಾಗುತ್ತದೆ. ಜನವರಿಯ ಕೊನೆಗೆ ಬಂದ ಕಂತನ್ನು ಎರಡೇ ತಿಂಗಳಲ್ಲಿ ಮುಗಿಸಬೇಕಾಗಿ ಬಂದ ಪ್ರಾಧ್ಯಾಪಕರೊಬ್ಬರು ನನಗೆ ಗೊತ್ತು. ಅವರ ಅಧ್ಯಯನ ಮಳೆಗಾಲದ ಜ್ವರದ ಬಗ್ಗೆ. ಮಾರ್ಚಿನಲ್ಲಿ ಮಳೆಯನ್ನು ಎಲ್ಲಿಂದ ತರಬೇಕು? ಯಂತ್ರ ಕೊಂಡರೆ ಲೆಕ್ಕಪತ್ರ ವಿಭಾಗಕ್ಕೆ ನೆಮ್ಮದಿ, ಅದು ಕಣ್ಣಿಗೆ ಕಾಣುತ್ತದೆ. ಯಂತ್ರ ನಡೆಸುವ ಹುಡುಗಿಯ ಸಂಬಳ ಮಾತ್ರ ಆರು ತಿಂಗಳು ತಡ. ಸಂಶೋಧನಾ ವಿದ್ಯಾರ್ಥಿಗಳು ಬೀದಿಗಿಳಿದು ಕೇಳಿದ ಮೇಲೆ ಅವರ ತಿಂಗಳ ಫೆಲೋಶಿಪ್, ಜೆಆರ್‌ಎಫ್, 2023ರಲ್ಲಿ 31,000ದಿಂದ 37,000 ಆಯಿತು. ಆದರೆ ತಿಂಗಳಿಗೆ ಸರಿಯಾಗಿ ಕೈಸೇರಿದರೆ ಅದೇ ಸುದ್ದಿ. ಒಳ್ಳೆಯ ಬದಲಾವಣೆಗಳೂ ಆಗಿಲ್ಲವೆಂದಲ್ಲ. 2024ರ ಸೆಪ್ಟೆಂಬರಿನಲ್ಲಿ ಸಂಶೋಧನಾ ಅನುದಾನಕ್ಕೆ ಜಿಎಸ್‌ಟಿ ವಿನಾಯಿತಿ ಸಿಕ್ಕಿತು. 2025ರ ಜೂನಿನಲ್ಲಿ ವಿಜ್ಞಾನ ಸಂಸ್ಥೆಗಳ ಖರೀದಿ ನಿಯಮ ಸಡಿಲವಾಗಿ, ಕೊಟೇಶನ್ ಇಲ್ಲದೆ ಕೊಳ್ಳುವ ಮಿತಿ ಒಂದು ಲಕ್ಷದಿಂದ ಎರಡು ಲಕ್ಷಕ್ಕೆ ಏರಿತು, ಎಲ್ಲವನ್ನೂ ಸರ್ಕಾರಿ ಜೆಮ್ ಪೋರ್ಟಲಿನಲ್ಲೇ ಕೊಳ್ಳಬೇಕೆಂಬ ಒತ್ತಾಯ ತಪ್ಪಿತು.

ಬಾಗಿಲುಗಳಲ್ಲಿ ನನಗೆ ಮೆಚ್ಚಿಗೆಯಾದದ್ದು ಎಲ್ಲಕ್ಕಿಂತ ಚಿಕ್ಕದು. ಎಸ್‌ಟಿಎಸ್ ಎಂಬ ಅಲ್ಪಾವಧಿ ವಿದ್ಯಾರ್ಥಿವೇತನ, 1979ರಿಂದ ಐಸಿಎಂಆರ್ ನಡೆಸಿಕೊಂಡು ಬಂದಿರುವ ಯೋಜನೆ. ಎಂಬಿಬಿಎಸ್, ಬಿಡಿಎಸ್ ಓದುತ್ತಿರುವ ಹುಡುಗ ಹುಡುಗಿಯರು ಒಬ್ಬ ಮಾರ್ಗದರ್ಶಕರನ್ನು ಹಿಡಿದು, ಎರಡು ತಿಂಗಳಲ್ಲಿ ಮುಗಿಯುವಂಥ ಒಂದು ಪ್ರಶ್ನೆ ಬರೆದು ಕಳಿಸಬೇಕು. ಒಪ್ಪಿಗೆಯಾಗಿ, ಕೆಲಸ ಮುಗಿಸಿ, ವರದಿ ಸರಿಯಿದ್ದರೆ ಆಮೇಲೆ ಸ್ಟೈಪೆಂಡ್. ಬಹುಕಾಲ ಸಣ್ಣದೇ ಇದ್ದ ಮೊತ್ತ 2022ರಲ್ಲಿ 50,000ಕ್ಕೆ ಏರಿತು.

ನನ್ನ ಕೊನೆಯ ವರ್ಷದ ಸಭೆಗೆ ಅಂಥ ಒಂದು ಫೈಲು ಬಂತು. ಎರಡನೆಯ ವರ್ಷದ ಹುಡುಗಿ, ಬಾಗಲಕೋಟೆ ಕಡೆಯವಳು. ಅವಳ ಅಜ್ಜಿ ಬಿ.ಪಿ. ಗುಳಿಗೆಯನ್ನು ಕಬ್ಬು ಕಡಿಯುವ ಕಾಲದಲ್ಲಿ ನಿಲ್ಲಿಸಿಬಿಡುತ್ತಾಳಂತೆ. ಅಜ್ಜಿ ಒಬ್ಬಳೋ, ಊರೆಲ್ಲ ಹೀಗೆಯೋ, ಯಾಕೆ ಎಂದು ತಿಳಿಯಬೇಕು. ಅಷ್ಟೇ ಪ್ರಶ್ನೆ. ಒಪ್ಪಿಗೆ ಪತ್ರದ ಕನ್ನಡ ತಿದ್ದಲು ಏನೂ ಇರಲಿಲ್ಲ, ಅವಳೇ ಬರೆದಿದ್ದಳು. ‘ನೀವು ಗುಳಿಗಿ ಬಿಟ್ಟೀರಿ ಅಂತ ಹೇಳಿದ್ರ ಯಾರೂ ಬೈಯೂದಿಲ್ಲ’ ಎಂಬ ಸಾಲೂ ಇತ್ತು. ಹಿರಿಯ ವೈದ್ಯರೊಬ್ಬರು ಇದು ಗ್ರಾಂಥಿಕವಲ್ಲ ಎಂದು ಆಕ್ಷೇಪಿಸಿದರು. ಲೇ ಪರ್ಸನ್ ಆ ಸಾಲನ್ನು ಉಳಿಸಿದ.

ಹಣದ ಮೂಲದ ಕಲಮಿನಲ್ಲಿ ‘ಐಸಿಎಂಆರ್’ ಎಂದು ಬರೆದು, ಪಕ್ಕದಲ್ಲಿ ಪೆನ್ಸಿಲಿನಿಂದ ‘ಬಂದರೆ’ ಎಂದಿತ್ತು. ಕೆಳಗಿನ ಖರ್ಚಿನ ಪಟ್ಟಿಯಲ್ಲಿ ಜೆರಾಕ್ಸಿಗೆ ನಾನೂರು ರೂಪಾಯಿ. ಪ್ರಯಾಣದ ಎದುರು ಸೊನ್ನೆ. ಎಂಟು ಹಳ್ಳಿ ತಿರುಗಬೇಕಲ್ಲವ್ವಾ, ಬಸ್ ಚಾರ್ಜ್ ಹಾಕೇ ಇಲ್ಲವಲ್ಲ ಎಂದು ಕೇಳಿದೆ.

‘ಬಸ್ ಫ್ರೀ ಐತಲ್ರಿ ಸರ್, ಆಧಾರ್ ಕಾರ್ಡ್ ತೋರಿಸಿದ್ರಾತು’ ಎಂದಳು.